‘ಗೊತ್ತು’ ಎಂದ ಬಿಲ್ಲಕ್ಕ

“ನಿಮ್ಮ ಗುರಾಣಿಯವರು ಜೋಡಿ ಬದಲಾಯಿಸಿ ಕೊಡಿ ಅಂತ ಕೇಳಿದಾರೆ, ಅಕ್ಕ,” ಎಂದ ದಳಪತಿ.

ಬಿಲ್ಲಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಅರವತ್ತೆರಡು ತುಂಬಿದರೂ ಅದು ಅಲ್ಲಿಂದ ಇಳಿದಿರಲಿಲ್ಲ. ಮೂವತ್ತು ವರ್ಷ ಒಂದೇ ಗುರಾಣಿಯ ಹಿಂದೆ ನಿಂತು ಬಾಣ ಬಿಟ್ಟವಳು ಅವಳು. ಆ ಗುರಾಣಿ ಹಿಡಿದವನನ್ನು ದಂಡೆಲ್ಲ ‘ಗೋಡೆ’ ಎಂದೇ ಕರೆಯುತ್ತಿತ್ತು.

ಇವತ್ತು ಕೊನೆಯ ಕಾಳಗ. ಸಿಂಹಾಸನಕ್ಕಾಗಿ ಅಕ್ಕತಂಗಿಯರಿಬ್ಬರು ಒಂದೇ ನಾಡನ್ನು ಎರಡಾಗಿ ಸೀಳಿದ್ದರು. ಕೋಟೆಯೊಳಗಿದ್ದ ತಂಗಿಯ ಬಳಿ, ಮೇಲಿನಿಂದ ಬೆಂಕಿ ಸುರಿಸುವ ಕೆಂಡಹಕ್ಕಿ ಒಂದೇ ಒಂದು ಉಳಿದಿತ್ತು. ಅದನ್ನು ಬೀಳಿಸುವ ವಿದ್ಯೆ ಬರುತ್ತಿದ್ದದ್ದು ಅಕ್ಕನ ದಂಡಿನ ಈ ಹಳಬರಿಗೆ ಮಾತ್ರ. ಅದು ಬಿದ್ದರೆ ಯುದ್ಧ ಮುಗಿಯಿತು, ಎಲ್ಲರೂ ಅವರವರ ದಾರಿ ಹಿಡಿಯುತ್ತಾರೆ. ಇಂಥ ದಿನವೇ ನಾನು ಬೇಡವಾದೆನೇ ಎಂದು ಅವಳಿಗೆ ಉರಿಯಿತು.

ಅವಳು ಹುಡುಕಿಕೊಂಡು ಹೋದಾಗ ಗೋಡೆ ತನ್ನ ಗುರಾಣಿಯ ಚರ್ಮದ ಪಟ್ಟಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದ.

“ನನ್ನ ಮುಖ ನೋಡಿ ನೋಡಿ ಸಾಕಾಯ್ತಾ?”

“ನಿನ್ನ ಮುಖ ಎಲ್ಲಿ ನೋಡ್ತೀನಿ? ನೀನಿರೋದೇ ನನ್ನ ಬೆನ್ನ ಹಿಂದೆ.”

ಅವಳು ನಗಲಿಲ್ಲ. ಅವನು ಎಡಗೈ ಚಾಚಿ ತೋರಿಸಿದ. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

“ಗುರಾಣಿ ಜಾರಿದ್ರೆ ಸುಟ್ಟುಹೋಗೋಳು ನೀನು. ಬೇರೆಯವರ ಹಿಂದೆ ನಿಂತ್ಕೋ. ನೀನು ಬದುಕಿದ್ರೆ ಸಾಕು, ಬೇರೇನೂ ಕೇಳಲ್ಲ. ಕೇಳಿದ್ದಕ್ಕೆ ಅವತ್ತೇ ಉತ್ತರ ಸಿಕ್ಕಿದೆಯಲ್ಲ.”

“ಏನು ಕೇಳಿದ್ದೆ? ಯಾವತ್ತು?”

“ಇಪ್ಪತ್ತಾರು ವರ್ಷ ಆಯ್ತು. ಸೇತುವೆ ಗೆದ್ದ ಸಂಜೆ ತಲೆ ಬಾಚ್ಕೊಂಡು ನಿನ್ನ ಡೇರೆ ಬಾಗಿಲಿಗೆ ಬಂದು ‘ಇದ್ದೀನಿ’ ಅಂದೆ. ನೀನು ‘ಗೊತ್ತು’ ಅಂದೆ. ಗೊತ್ತಿದ್ದೂ ಬೇಡ ಅಂತಿದ್ದಾಳೆ ಅನ್ಕೊಂಡು ವಾಪಸ್ ಹೋದೆ.”

ಅವಳಿಗೆ ಈಗ ಅರ್ಥವಾಯಿತು. ರಣದಲ್ಲಿ ಗುರಾಣಿ ಎತ್ತಿದವನು ‘ಇದ್ದೀನಿ’ ಎನ್ನಬೇಕು. ಬಿಲ್ಲು ಹಿಡಿದವಳು ‘ಗೊತ್ತು’ ಎಂದ ಮೇಲೆಯೇ ತಲೆ ಎತ್ತಬೇಕು. ದಿನಕ್ಕೆ ನೂರು ಸಲ ಆಡುವ ಮಾತು. ಆ ಸಂಜೆ ಹೆದೆ ಬಿಗಿಯುತ್ತಾ, ಕಾವಲಿಗೆ ಬಂದಿದ್ದಾನೆ ಎಂದುಕೊಂಡು, ಬಾಯಿಪಾಠ ಒಪ್ಪಿಸಿಬಿಟ್ಟಿದ್ದಳು. ಆಮೇಲೆ ಅವನು ಡೇರೆಯ ಕಡೆ ಸುಳಿಯದಿದ್ದಾಗ, ಇವನಿಗೆ ಬೇಕಾದದ್ದು ನನ್ನ ಬಿಲ್ಲು ಅಷ್ಟೇ ಎಂದು ತನ್ನ ಆಸೆಗೂ ಬೀಗ ಜಡಿದಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳಿಗೆ ಒಂದು ಮಾತಿನಲ್ಲಿ ಇಪ್ಪತ್ತಾರು ವರ್ಷ ಹೋಗಿತ್ತು.

ಬಾಯಿ ತೆರೆಯುವಷ್ಟರಲ್ಲಿ ಕಹಳೆ ಮೊಳಗಿತು.

“ಬೇರೆ ಜೋಡಿ ಗೀಡಿ ಏನೂ ಇಲ್ಲ. ಏಳು,” ಎಂದು ದಬಾಯಿಸಿ ಎಬ್ಬಿಸಿದಳು.

ಬಯಲಿಗೆ ಬರುತ್ತಲೇ ಕೋಟೆಯ ನೆತ್ತಿಯಿಂದ ಕೆಂಡಹಕ್ಕಿ ಎದ್ದಿತು. ಎಷ್ಟೋ ಹಕ್ಕಿ ಕಂಡವಳು ಇಂಥದ್ದನ್ನು ಕಂಡಿರಲಿಲ್ಲ. ಅದು ರೆಕ್ಕೆ ಬಿಚ್ಚಿದಾಗ ಬಯಲಿನ ಹುಲ್ಲೆಲ್ಲ ಕೆಂಪಾಯಿತು. ಒಂದೊಂದು ಗರಿಯೊಳಗೂ ಬೆಂಕಿ ನಿಧಾನವಾಗಿ ಉಸಿರಾಡುತ್ತಿತ್ತು. ಎರಡೂ ಕಡೆಯವರು ಕತ್ತಿ ಇಳಿಸಿ, ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಇಷ್ಟು ಚೆಂದದ್ದನ್ನು ಕೊಲ್ಲಬೇಕಲ್ಲ ಎಂದುಕೊಳ್ಳುತ್ತಲೇ ಅವಳು ಬಾಣ ಹೂಡಿದಳು.

ಅದಕ್ಕಿಂತ ದೊಡ್ಡ ಬೆರಗು ಅವಳ ಮುಂದೆಯೇ ನಿಂತಿತ್ತು. ಅರವತ್ತೈದರ ಮುದುಕ ಆ ನಡುಗುವ ಕೈಯಲ್ಲೇ ಬಾಗಿಲಿನಷ್ಟು ದೊಡ್ಡ ಗುರಾಣಿಯನ್ನು ತಲೆಯ ಮೇಲಕ್ಕೆ ಎತ್ತಿದ್ದ. ಇಷ್ಟು ವರ್ಷ ಇದನ್ನು ನೋಡದೆ ಆಕಾಶ ನೋಡುತ್ತಿದ್ದೆನಲ್ಲ ಎನಿಸಿತು ಅವಳಿಗೆ.

“ಇದ್ದೀನಿ.”

“ಅವತ್ತು ಗೊತ್ತಿರ್ಲಿಲ್ಲ ಕಣೋ.”

ಅವನು ಗಕ್ಕನೆ ತಿರುಗಿದ. “ಏನಂದೆ?”

“ನೀನು ಕೇಳೋಕೆ ಬಂದಿದ್ದೆ ಅಂತ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಹೋಗೋಕೆ ಬಿಡ್ತಿದ್ನಾ? ಮುಂದೆ ನೋಡು, ಬಂತು.”

ಬೆಂಕಿ ಸುರಿಯಿತು. ಗುರಾಣಿ ಕುಸಿಯತೊಡಗಿದಾಗ ಅವನ ಮೊಣಕೈಗೆ ತನ್ನ ಭುಜ ಕೊಟ್ಟು, ಅರ್ಧ ಭಾರ ಹೊತ್ತುಕೊಂಡೇ ಹೆದೆ ಎಳೆದಳು. ಬಾಣ ಹಕ್ಕಿಯ ಕೊರಳಿಗೆ ನಾಟಿತು. ಅದು ನದಿಯಾಚೆ ಬಿದ್ದು ಬಹಳ ಹೊತ್ತು ಉರಿದು ಆರಿತು. ಕೋಟೆಯ ಬಾಗಿಲು ತೆರೆದು ತಂಗಿ ಬರಿಗೈಯಲ್ಲಿ ಹೊರಬಂದಳು.

ಇಬ್ಬರೂ ಬೆಚ್ಚಗಿದ್ದ ನೆಲದ ಮೇಲೆ ಕೂತರು. ಅವನ ಹುಬ್ಬು ಸುಟ್ಟುಹೋಗಿತ್ತು.

“ಒಂದೇ ಪದದಲ್ಲಿ ಕೇಳಿದ್ದು ನಿನ್ನ ತಪ್ಪು. ನಾನು ಪೂರ್ತಿ ಕೇಳ್ತೀನಿ,” ಎಂದಳು. “ಇನ್ನಿರೋಷ್ಟು ದಿನ ನನ್ನ ಗಂಡನಾಗಿ ಇರ್ತೀಯಾ?”

“ಜನ ಅರಳು ಮರುಳು ಅಂತಾರೆ.”

“ಅನ್ಲಿ. ನೀನೇನಂತೀಯ?”

“ಇರ್ತೀನಿ,” ಎಂದ. ಮತ್ತೆಲ್ಲಿ ತಪ್ಪು ತಿಳಿಯುತ್ತಾಳೋ ಎಂಬ ಭಯಕ್ಕೆ, “ನಿನ್ನ ಗಂಡನಾಗಿ, ಒಂದೇ ಮನೇಲಿ, ಸಾಯೋವರೆಗೂ ಇರ್ತೀನಿ,” ಎಂದು ಬಿಡಿಸಿ ಹೇಳಿದ.

ಬಿಲ್ಲಕ್ಕ ಅತ್ತದ್ದು ಆಗ.