ಕಾಕಾನ ಬಲಗೈ

ಬಾಬುಸಾಬನ ಕೈಯಿಂದ ಚಹಾದ ಬಶಿ ಜಾರಿ ಇಮಾಮಹುಸೇನನ ಹೊಸ ಪೈಜಾಮದ ಮೇಲೆ ಬಿತ್ತು. ಹೆಣ್ಣು ಕೇಳಲು ಬಂದವನ ಮೇಲೆ ಚಹಾ ಚೆಲ್ಲಿದರೆ ಅವನು ಏನೆಂದುಕೊಳ್ಳಬೇಕು? ತಂದೆತಾಯಿ ಇಲ್ಲದ ಆ ಟಾಂಗಾ ಹುಡುಗ ಮುಖ ಸಣ್ಣದು ಮಾಡಿಕೊಂಡು ಎದ್ದ.

"ಮನಸ್ಸಿಲ್ಲಂದ್ರ ಬಾಯಿಲೆ ಹೇಳ್ರಿ ಕಾಕಾ. ನಾ ಹೊಂಡತೇನಿ."

ಬಾಬುಸಾಬ ಏನೋ ಗೊಣಗಿದ. ಪಕ್ಕದಲ್ಲಿದ್ದ ಅಣ್ಣ ಖಾದರಬಾಷಾ, "ಬ್ಯಾಡ ಅನ್ನಾಕತ್ತಾನ" ಎಂದುಬಿಟ್ಟ.

ಪರದೆಯ ಹಿಂದೆ ಬಾಬುಸಾಬನ ಮಗಳು ಶಮೀಮಳ ಎದೆ ಧಸಕ್ಕೆಂದಿತು. ರಾಯಾಪುರದ ರಸ್ತೆಯಲ್ಲಿ ಅವನ ಟಾಂಗಾ ಹಾದಾಗಲೆಲ್ಲ ಕದ್ದು ನೋಡಿದ್ದು ಇದಕ್ಕೇನು? ಅಬ್ಬಾ ಹೀಗೆ ಮಾಡುವವನಲ್ಲ. ಸಂದಿಯಿಂದ ಇಣುಕಿದಳು. ಅಬ್ಬಾನ ಬಾಯಿ ಒಂದು ಕಡೆ ಇಳಿದಿತ್ತು. ಜೀವನವೆಲ್ಲ ಹತ್ತಿ ಹಿಂಜಿದ ಬಲಗೈ ತೊಡೆಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು.

ಮದುವೆಯ ಮಾತು ಗಟ್ಟಿಯಾಗುವ ಮೊದಲು ಹುಡುಗಿ ಹುಡುಗನ ಎದುರು ಬರುವಂತಿಲ್ಲ. ಶಮೀಮ ಬಂದೇಬಿಟ್ಟಳು.

"ಅಬ್ಬಾ, ಎರಡೂ ಕೈ ಮ್ಯಾಲೆತ್ರಿ."

ಎಡಗೈ ಎದ್ದಿತು. ಬಲಗೈ ಅಲ್ಲೇ ಉಳಿಯಿತು.

"ಬ್ಯಾಡ ಅನ್ನಾಕತ್ತಿಲ್ಲ ದೊಡ್ಡಪ್ಪಾ. ಲಕ್ವಾ ಹೊಡದೈತಿ."

"ಶುಂಠಿ ರಸ ಕುಡಸು. ಕತ್ತಲ ಖೋಲ್ಯಾಗ ಮಲಗಸೂಣು, ಗಾಳಿ ತಾಗಬಾರದು" ಎಂದ ಖಾದರಬಾಷಾ.

"ಬಾಯಾಗ ಏನೂ ಹಾಕಬ್ಯಾಡ್ರಿ. ಅಜ್ಜಿಗೆ ಹಿಂಗ ಕುಡಿಸಿ ಉಸಿರು ಕಟ್ಟಿತ್ತು." ಆಮೇಲೆ ಇಮಾಮಹುಸೇನನ ಕಡೆ ತಿರುಗಿದಳು. "ಲಗೂ ಟಾಂಗಾ ಹೂಡ್ರಿ."

ಅದು ಅವಳು ಅವನಿಗೆ ಆಡಿದ ಮೊದಲ ಮಾತು. ಎಷ್ಟೋ ಚಂದದ ಮಾತು ಕೂಡಿಟ್ಟಿದ್ದಳು ಪಾಪ, ಬಾಯಿಗೆ ಬಂದದ್ದು ಇದು. ಅವನಿಗೆ ಅದೂ ಚಂದವೇ ಕೇಳಿಸಿತು.

ಬಾಬುಸಾಬನನ್ನು ಮಗ್ಗುಲಾಗಿ ಮಲಗಿಸಿಕೊಂಡು ಧಾರವಾಡದ ದವಾಖಾನೆಗೆ ಟಾಂಗಾ ಹೊಡೆದರು. ಜೀವ ಉಳಿಯಿತು. "ರಕ್ತದ ಒತ್ತಡ ಏರೇದ" ಎಂದರು ಡಾಕ್ಟರು. "ಉಪ್ಪು ಕಮ್ಮಿ ಮಾಡ್ರಿ, ಚುಟ್ಟಾ ಪೂರಾ ಬಿಡಸ್ರಿ. ಕೈಗೆ ದಿನಾ ಚಾಲನಿ ಕೊಡ್ರಿ, ಇಲ್ಲಾಂದ್ರ ಬಿಗೀತದ."

ಆದರೆ ಆ ಮನೆತನದ ರೂಢಿಯೊಂದಿತ್ತು. ಹೆಣ್ಣಿನ ತಂದೆ ಹುಡುಗನ ಎದುರು ಕೂತು, ಬಲಗೈಯಿಂದ ಅವನ ಬಾಯಿಗೆ ಸಕ್ಕರೆ ಇಟ್ಟರೇ ಮಾತು ಗಟ್ಟಿಯಾದಂತೆ. "ಆ ಕೈ ಏಳೂತನ ತಡೀರಿ" ಎಂದ ಖಾದರಬಾಷಾ.

ತಡೆದರು. ದಿನಾ ಸಂಜೆ ಇಮಾಮಹುಸೇನ ಕುದುರೆ ಬಿಚ್ಚಿ ಬಂದು, ಬಾಬುಸಾಬನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಿಸುತ್ತಿದ್ದ. ಪರದೆಯ ಹಿಂದಿನಿಂದ ಪ್ರಶ್ನೆ ಬರುತ್ತಿತ್ತು.

"ಅಬ್ಬಾಗ ಕದ್ದು ಚುಟ್ಟಾ ಕೊಟ್ಟೀರೇನು?"

"ನಾ ಯಾಕ ಕೊಡ್ಲಿ? ಈ ಕೈ ಏಳೋದು ನನಗೆಷ್ಟು ಬೇಕಾಗೈತಿ, ನಿಮಗ ಗೊತ್ತಿಲ್ಲೇನು?"

ಶಮೀಮ ಸೆರಗು ಕಚ್ಚಿಕೊಂಡಳು. ಹೆತ್ತ ತಂದೆಯ ಕೈಯ ಮೇಲೆ ಮಗಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅವನು ಹಿಡಿಯುವುದು ಆ ಕೈಯನ್ನು ಮಾತ್ರ. ಅವನು ಹೋದಮೇಲೆ ಅವಳೂ ಅದೇ ಬೆರಳುಗಳನ್ನು ಬಿಡಿಸಿ ಮಡಿಸುತ್ತ ಕೂರುತ್ತಿದ್ದಳು. ಹೊತ್ತು ಮುಳುಗಿದರೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಮಳೆಗಾಲ ಹೋಯಿತು, ಹತ್ತಿ ಬಿಡಿಸುವ ಕಾಲ ಬಂತು. ಕೈ ಮೊಣಕಾಲಿನಿಂದ ಒಂದು ಗೇಣು ಎದ್ದು ಅಲ್ಲೇ ನಿಂತಿತು. ಇನ್ನು ಇಷ್ಟೇ ಎಂದರು ಡಾಕ್ಟರು.

"ಅಲ್ಲಿಗೆ ಮುಗೀತು" ಎಂದ ಖಾದರಬಾಷಾ. "ಬಾಯಿ ಮಟ ಕೈ ಬರಂಗಿಲ್ಲ. ಬ್ಯಾರೆ ಕಡೆ ನೋಡ್ಕೋಪಾ."

ಶಮೀಮ ಸಕ್ಕರೆ ಬಟ್ಟಲು ಹಿಡಿದು ಹೊರಗೆ ಬಂದಳು, ಕಣ್ಣು ಕೆಂಪಾಗಿತ್ತು.

"ಕೈ ಬಾಯಿ ಮಟ ಬರಬೇಕಂತ ರೂಢಿ ಐತಿ. ಬಾಯಿ ಕೈ ಮಟ ಬರಬಾರದಂತ ಐತೇನು ದೊಡ್ಡಪ್ಪಾ?"

"ಗಂಡಿನ ತಲಿ ಬಗ್ಗಬಾರದು."

"ಕಾಕಾನ ಮುಂದ ಬಗ್ಗಾಕ ನನಗೇನು ನಾಚಿಕಿ?" ಎನ್ನುತ್ತ ಇಮಾಮಹುಸೇನ ನೆಲಕ್ಕೆ ಕೂತು, ತಲೆ ಬಗ್ಗಿಸಿ ಬಾಬುಸಾಬನ ಮೊಣಕಾಲಿಗೆ ಬಾಯಿ ತಂದ.

ಶಮೀಮ ಅಬ್ಬಾನ ಬಲಗೈ ಬೆರಳಿಗೆ ಸಕ್ಕರೆ ಹಿಡಿಸಿದಳು. ಕೈ ನಡುಗುತ್ತ ಎದ್ದಿತು. ಅರ್ಧ ಸಕ್ಕರೆ ನೆಲಕ್ಕೆ ಚೆಲ್ಲಿತು, ಅರ್ಧ ಅವನ ಬಾಯಿಗೆ ಬಿತ್ತು. ಖಾದರಬಾಷಾ ಏನಾದರೂ ಅನ್ನುವ ಮೊದಲೇ ಬಾಬುಸಾಬ ಅರ್ಧ ಬಾಯಿಯಲ್ಲಿ ತೊದಲಿದ.

"ಕೊ... ಕೊಟ್ಟೇನಿ."