ಮುನ್ನೂರ ಹನ್ನೆರಡು ಸಹಿ

ಜೂನ್ ಒಂದು, ಸೋಮವಾರ. ಮಧ್ಯಾಹ್ನ ಹನ್ನೆರಡು ಐವತ್ತಕ್ಕೆ, ದೋಹಾದ ಉತ್ತರಕ್ಕಿರುವ ಅಲ್ ಖೋರ್ ಠಾಣೆಗೆ ದೂರು ಬಂತು. ಊರಾಚೆಯ ಕಾರ್ಮಿಕರ ಕ್ಯಾಂಪಿನಲ್ಲಿ ಸ್ಟೋರ್ ರೂಮಿಗೆ ಬೆಂಕಿ ಬಿದ್ದಿದೆ, ಒಳಗಿದ್ದ ಒಬ್ಬ ಸತ್ತಿದ್ದಾನೆ. ದೂರು ಕೊಟ್ಟವನು ಕ್ಯಾಂಪಿನ ಉಸ್ತುವಾರಿ ಕೆನೆತ್. ಸತ್ತವನ ಹೆಸರು ಬೋಜ, ಮೂವತ್ತನಾಲ್ಕು ವರ್ಷ, ಕಾರ್ಕಳ ಕಡೆಯವನು.

ತನಿಖೆ ಲೆಫ್ಟಿನೆಂಟ್ ಮಾಜಿದಾಳ ಪಾಲಿಗೆ ಬಂತು. ಕ್ಯಾಂಪಿನವರಲ್ಲಿ ಮುಕ್ಕಾಲು ಪಾಲು ನಮ್ಮ ಕರಾವಳಿಯವರು. ಹಾಗಾಗಿ ಅವಳು ಠಾಣೆಯ ದುಭಾಷಿ ಫ್ಲೋರಿನ್‌ಳನ್ನೂ ಜೀಪಿಗೆ ಹತ್ತಿಸಿಕೊಂಡಳು.

ಒಂದೂವರೆಗೆ ಪಂಚನಾಮೆ ಶುರುವಾಯಿತು. ಹಳೇ ಹಾಸಿಗೆಗಳ ಅಟ್ಟಿಯ ಹಿಂದೆ, ನೆಲದ ಮೇಲೆ ಚಾಪೆ ಹಾಸಿ ಬೋಜ ಮಲಗಿದ್ದ. ಬಾಗಿಲಿಂದ ನೋಡಿದರೆ ಅಲ್ಲಿ ಮನುಷ್ಯನಿದ್ದಾನೆಂದು ತಿಳಿಯುವಂತಿರಲಿಲ್ಲ. ಬಾಗಿಲ ಬಳಿ ಒಂದು ರಟ್ಟಿನ ಪೆಟ್ಟಿಗೆ, ಅದರ ತುಂಬ ಕಾಗದದ ಬೂದಿ. ಬೆಂಕಿ ಹುಟ್ಟಿದ್ದು ಅಲ್ಲಿ. ಪಕ್ಕದಲ್ಲಿದ್ದ ಪೇಂಟ್ ಥಿನ್ನರ್ ಡಬ್ಬಿಗಳಿಗೆ ತಗುಲಿ ಕೋಣೆಯೆಲ್ಲ ಹತ್ತಿಕೊಂಡಿತ್ತು.

"ಹಚ್ಚಿದ್ದು ಕಾಗದಕ್ಕೆ, ಮನುಷ್ಯನಿಗಲ್ಲ," ಎಂದಳು ಮಾಜಿದಾ. "ಏನು ಕಾಗದ, ಕೇಳು."

ಬೋಜನ ಕೋಣೆಯ ಜೊತೆಗಾರ ಸುಶಾಂತ್ ಮುಂದೆ ಬಂದ. ಬೆಂಕಿಯೊಳಗೆ ನುಗ್ಗಲು ಹೋಗಿ ಅವನ ಎರಡೂ ಅಂಗೈ ಬೊಬ್ಬೆ ಎದ್ದಿದ್ದವು.

"ಮನವಿ ಅಕ್ಕಾ. ಮುನ್ನೂರ ಹನ್ನೆರಡು ಸಹಿ. ಈ ಶುಕ್ರವಾರ ಬಳಗಕ್ಕೆ ಕೊಡ್ಲಿಕ್ಕಿತ್ತು."

ಬಳಗವೆಂದರೆ ಇಲ್ಲಿಯ ಕರಾವಳಿ ಬಳಗ. ಊರಿಗೆ ಹೆಣ ಕಳಿಸುವುದು, ಕಾಯಿಲೆಯವರಿಗೆ ನೆರವಾಗುವುದು ಎಲ್ಲ ಅದರ ಕಮಿಟಿಯ ಕೈಯಲ್ಲಿ. ಕಮಿಟಿಗೆ ಮತ ಹಾಕುವ ಹಕ್ಕು ಮಾತ್ರ ಫ್ಯಾಮಿಲಿ ವೀಸಾದಲ್ಲಿ ಫ್ಲ್ಯಾಟ್ ಮಾಡಿಕೊಂಡವರಿಗೆ. ಕ್ಯಾಂಪಿನವರಿಗಿಲ್ಲ. ಮನವಿ ಕೇಳಿದ್ದು ಅದನ್ನೇ.

"ನಮ್ಮ ದುಗ್ಗಣ್ಣ ಹೋದ ಚಳಿಗಾಲದಲ್ಲಿ ತೀರಿಕೊಂಡದ್ದು. ಇಪ್ಪತ್ಮೂರು ದಿನ ಶವಾಗಾರದಲ್ಲಿ. ಎಂತಕ್ಕೆ? ಕಮಿಟಿಯವರಿಗೆ ಮೀಟಿಂಗ್ ಮಾಡ್ಲಿಕ್ಕೆ ಪುರುಸೊತ್ತಿರ್ಲಿಲ್ಲ. ನಮ್ಮವ ಒಬ್ಬ ಅದ್ರಲ್ಲಿ ಇದ್ದಿದ್ರೆ?"

"ಮನವಿ ಬರೀಲಿಕ್ಕೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಆನ್ಸೆಲ್ಮ್ ಸರ್ ಪಾಠ ಮಾಡಿದ್ರು, ಅಷ್ಟೆ."

ದೋಹಾದ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುವ ಆನ್ಸೆಲ್ಮ್ ಪ್ರತಿ ಶುಕ್ರವಾರ ಕ್ಯಾಂಪಿಗೆ ಬಂದು ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಪಾಠದ ನಡುವೆ ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡು ಬರುತ್ತಿತ್ತು. ಲಕ್ಷ ಜನ ನೇಯ್ಗೆ ಮಾಡುವ ಮ್ಯಾಂಚೆಸ್ಟರಿಗೆ ಪಾರ್ಲಿಮೆಂಟಿನಲ್ಲಿ ಒಬ್ಬನೂ ಇಲ್ಲ. ನರಪಿಳ್ಳೆಯೂ ವಾಸವಿಲ್ಲದ ಒಂದು ಹಳೇ ದಿಬ್ಬಕ್ಕೆ ಇಬ್ಬರು ಸದಸ್ಯರು! ಕ್ಯಾಂಪಿನವರು ಬಿದ್ದು ಬಿದ್ದು ನಕ್ಕಿದ್ದರಂತೆ. ಅಂದಿನಿಂದ ಕಮಿಟಿಗೆ 'ದಿಬ್ಬ' ಅಂತಲೇ ಹೆಸರು. ಮತದ ಹಕ್ಕು ಕೇಳಲು ಮ್ಯಾಂಚೆಸ್ಟರಿನವರು ಹೆಂಡತಿ ಮಕ್ಕಳ ಜೊತೆ, ಒಳ್ಳೇ ಬಟ್ಟೆ ಉಟ್ಟು ಮೈದಾನಕ್ಕೆ ಬಂದಿದ್ದರು. ಅವರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ಹದಿನೆಂಟು ಜನ ಸತ್ತರು.

"ಅದಾಗಿ ಹದಿಮೂರು ವರ್ಷಕ್ಕೆ ಕಾನೂನು ಬದಲಾಯ್ತಂತೆ. ಆಗಲೂ ಕೂಲಿಯವರಿಗೆ ಮತ ಸಿಗ್ಲಿಲ್ಲ, ಮನೆ ಇದ್ದವರಿಗೆ ಮಾತ್ರ," ಎಂದ ಸುಶಾಂತ್. "ಬೋಜ ಹೇಳಿದ, ನಮಗೆ ಹದಿಮೂರು ವರ್ಷ ವೀಸಾ ಯಾರು ಕೊಡ್ತಾರೆ, ಈಗಲೇ ಬರೆಯುವ ಅಂತ."

ಕೆನೆತ್ ಮೆಲ್ಲಗೆ ಒಂದು ಮಾತು ಸೇರಿಸಿದ. ಶನಿವಾರ ಬೋಜನಿಗೂ ಸುಶಾಂತನಿಗೂ ಜಗಳವಾಗಿತ್ತು.

"ಎಂತ ಜಗಳ?" ಫ್ಲೋರಿನ್ ಸುಶಾಂತನನ್ನು ಕೇಳಿದಳು.

"ಮೊದಲ ಸಹಿ ಯಾರದ್ದು ಅಂತ. ಸಿಕ್ಕಿಬಿದ್ರೆ ಮೊದಲು ಊರಿಗೆ ಕಳಿಸುವುದು ಅವನನ್ನೇ ಅಲ್ವಾ. ಅವನಿಗೆ ಸಣ್ಣ ಮಗು ಉಂಟು, ನನ್ನದಿರಲಿ ಅಂದೆ. ಕೇಳ್ಲಿಲ್ಲ ಪಾಪಿ."

ಗೇಟಿನ ರಿಜಿಸ್ಟರಿನಲ್ಲಿ ಅಂದು ಹೊರಗಿನವರ ಹೆಸರೇ ಇರಲಿಲ್ಲ. ಒಳಗಿನವನದೇ ಕೆಲಸವೆಂದು ಮಾಜಿದಾ ಸುಶಾಂತನನ್ನು ಠಾಣೆಗೆ ಕರೆದೊಯ್ಯಲು ಹೇಳಿದಳು. ಆಗ ಫ್ಲೋರಿನ್ ಊಟದ ಕೋಣೆಯ ಗೋಡೆಯತ್ತ ನೋಡಿದಳು. ಹೊಸ ನೋಟೀಸು: ಜೂನ್ ಒಂದರಿಂದ, ಬೆಳಿಗ್ಗೆ ಹತ್ತು ಗಂಟೆಯಿಂದ ಮಧ್ಯಾಹ್ನ ಮೂರೂವರೆವರೆಗೆ, ಬಿಸಿಲಿನಲ್ಲಿ ಕೆಲಸವಿಲ್ಲ.

"ಇವತ್ತು ಎಷ್ಟು ಗಂಟೆಗೆ ವಾಪಸ್ ಬಂದ್ರಿ?"

"ಹತ್ತೂವರೆಗೆ. ಬೆಳಗ್ಗೆ ನಾಲ್ಕಕ್ಕೇ ಹೋಗಿದ್ದಲ್ವಾ. ಎಲ್ಲರೂ ಬಾಗಿಲು ಹಾಕಿ ಎಸಿ ಹಚ್ಚಿ ಮಲಗಿದ್ದು. ಬೋಜ ಪೆಟ್ಟಿಗೆ ಕಾಯ್ತೇನೆ ಅಂತ ಸ್ಟೋರಿಗೆ ಹೋದ."

ಫ್ಲೋರಿನ್ ಮಾಜಿದಾಳ ಕಡೆ ತಿರುಗಿದಳು. "ಮೇಡಂ, ಇಲ್ಲಿ ಇರುವವನಿಗೆ ಇವತ್ತು ಕ್ಯಾಂಪ್ ತುಂಬಿದೆ ಅಂತ ಗೊತ್ತು. ಬೆಂಕಿ ಹಚ್ಚಿದವನಿಗೆ ಗೊತ್ತಿರಲಿಲ್ಲ. ನಿನ್ನೆಯವರೆಗೆ ಈ ಹೊತ್ತಿಗೆ ಇಲ್ಲಿ ಯಾರೂ ಇರ್ತಿರಲಿಲ್ಲ. ಈ ತಾರೀಕನ್ನು ಮರೆಯುವವರು ಎಸಿ ಕೋಣೆಯಲ್ಲಿ ಕೆಲಸ ಮಾಡುವ ನಮ್ಮಂಥವರು."

ಮಾಜಿದಾ ಸುಶಾಂತನ ತೋಳು ಬಿಡಿಸಿದಳು. "ಮೊದಲು ಆಸ್ಪತ್ರೆಗೆ ಕಳಿಸಿ. ಕೈ ನೋಡಲಿ."

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ದೋಹಾ ಪಕ್ಕದ ಲುಸೈಲಿನ ಆಫೀಸಿನಲ್ಲಿ ಬಳಗದ ಕಾರ್ಯದರ್ಶಿ ರೊನಾಲ್ಡ್‌ನನ್ನು ವಿಚಾರಿಸಿದರು. ಸೋಮವಾರ ಇಡೀ ದಿನ ಅವನು ಅಲ್ಲಿಯೇ ಇದ್ದ. ಬಾಗಿಲಿನ ಕಾರ್ಡ್ ದಾಖಲೆಯೂ ಹಾಗೇ ಹೇಳಿತು.

"ಮನವಿ ಬರುವುದು ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಎಂತ. ಬಂದರೆ ಸಹಿಯ ಲಿಸ್ಟನ್ನು ಅವರ ಕಂಪನಿಗೆ ಫಾರ್ವರ್ಡ್ ಮಾಡ್ತೇನೆ, ಖಲಾಸ್, ಅಂದಿದ್ದೆ. ತಮಾಷೆಗೆ ಮಾರಾಯ್ರೆ! ಸ್ವಲ್ಪ ಹೆದರಲಿ ಅಂತ."

"ಯಾರ ಹತ್ತಿರ ಅಂದಿದ್ದು?"

"ಆನ್ಸೆಲ್ಮ್ ಮೇಷ್ಟ್ರ ಹತ್ತಿರ. ಅವರೊಬ್ಬರ ಹತ್ತಿರವೇ."

ಹನ್ನೊಂದಕ್ಕೆ ಮತ್ತೆ ಕ್ಯಾಂಪಿನ ಗೇಟು. ಕಾವಲುಗಾರ ಝಕರಿಯಾ ಉಳ್ಳಾಲದವನು.

"ರಿಜಿಸ್ಟರಿನಲ್ಲಿ ನೀನು ಯಾರ ಹೆಸರು ಬರೆಯುವುದಿಲ್ಲ?" ಮಾಜಿದಾಳ ಪರವಾಗಿ ಫ್ಲೋರಿನ್ ಕೇಳಿದಳು.

"ಎಲ್ಲರದ್ದೂ ಬರೀತೇನೆ. ಆಂಬುಲೆನ್ಸ್ ಬಿಟ್ಟು. ಪೊಲೀಸ್ ಬಿಟ್ಟು."

"ಮತ್ತೆ?"

"ಮತ್ತೆ ಮೇಷ್ಟ್ರು. ನನಗೆ ಹೆಸರು ಬರೀಲಿಕ್ಕೆ ಕಲಿಸಿದ್ದೇ ಅವರು ಮೇಡಂ, ಅವರ ಹತ್ತಿರ ಕಾರ್ಡ್ ಕೇಳುವುದಾ?"

"ನಿನ್ನೆ ಬಂದಿದ್ರಾ?"

ಝಕರಿಯಾ ರಿಜಿಸ್ಟರ್ ಮುಚ್ಚಿದ. ಆಮೇಲೆ ಹೇಳಿದ: "ಹನ್ನೆರಡಕ್ಕೆ. ಹತ್ತು ನಿಮಿಷ. ಪುಸ್ತಕ ಮರೆತದ್ದು ಅಂದ್ರು."

ಆನ್ಸೆಲ್ಮ್ ಸೋಮವಾರ ಅರ್ಧ ದಿನದ ರಜೆ ಹಾಕಿದ್ದನ್ನು ಶಾಲೆಯ ಕಚೇರಿ ದೃಢಪಡಿಸಿತು. ಬುಧವಾರ, ಜೂನ್ ಮೂರು, ಮಧ್ಯಾಹ್ನ ಎರಡು ಹತ್ತಕ್ಕೆ ಮನೆಯಲ್ಲಿ ಅವರನ್ನು ಬಂಧಿಸಲಾಯಿತು. ಬಾಗಿಲು ತೆರೆದ ಹೆಂಡತಿ ರೆನಿಟಾ ಕೈಯಲ್ಲಿ ಅನ್ನದ ಸೌಟು ಹಿಡಿದು ನಿಂತೇ ಇದ್ದಳು. ಆನ್ಸೆಲ್ಮ್ ತಟ್ಟೆಯ ಮುಂದೆ ಕೂತಿದ್ದರು, ಉಂಡಿರಲಿಲ್ಲ. ಎರಡು ದಿನದಿಂದ ಉಂಡಿರಲಿಲ್ಲವೆಂದು ಅವಳೇ ಹೇಳಿದಳು.

ಠಾಣೆಯಲ್ಲಿ ಅವರು ಯಾವುದನ್ನೂ ಅಲ್ಲಗಳೆಯಲಿಲ್ಲ. ರೊನಾಲ್ಡ್‌ನ ಮಾತು ಕೇಳಿದ ಮೇಲೆ ನಿದ್ದೆ ಬಂದಿರಲಿಲ್ಲ. ಲಿಸ್ಟ್ ಕಂಪನಿಗೆ ಹೋದರೆ ಬೀದಿಗೆ ಬೀಳುವುದು ಮುನ್ನೂರ ಹನ್ನೆರಡು ಮನೆ. ಒಂದೊಂದರಲ್ಲೂ ಶಾಲೆಗೆ ಹೋಗುವ ಮಕ್ಕಳು. ಬಿಟ್ಟುಬಿಡು ಎಂದು ಬೋಜನಿಗೆ ಹೇಳಿ ನೋಡಿದ್ದರು.

"ಅವನು ಎಂತ ಹೇಳಿದ?"

"ನಕ್ಕ. ಸರ್, ಕುದುರೆ ಬಂದರೆ ಓಡುವ, ಬರುವ ಮೊದಲೇ ಎಂತಕ್ಕೆ ಅಂದ." ಆನ್ಸೆಲ್ಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನು ಬರೇ ಪಾಠ ಮಾಡಿದ್ದು ಫ್ಲೋರಿನ್. ಅವರು ನಂಬಿದರು. ಬರೇ ಕಾಗದ ಸುಟ್ಟರೆ ಎಲ್ಲರೂ ಉಳಿಯುತ್ತಾರೆ ಅಂದುಕೊಂಡೆ. ಒಳಗೆ ಯಾರೂ ಇಲ್ಲ ಅಂದುಕೊಂಡೆ."

ಹೇಳಿಕೆಯ ಕೊನೆಯಲ್ಲಿ ಕಾರಣಕ್ಕೆಂದು ಒಂದು ಸಾಲು ಇರುತ್ತದೆ. "ದ್ವೇಷವಾ?" ಎಂದಳು ಮಾಜಿದಾ.

"ಅಲ್ಲ ಮೇಡಂ. ಪ್ರೀತಿ ಅಂತ ಬರೆಯಲಾಗುತ್ತದಾ?"

ಮಾಜಿದಾ ಇಲ್ಲವೆಂದು ತಲೆಯಾಡಿಸಿ, 'ಭಯ' ಎಂದು ಬರೆದಳು.

ಠಾಣೆಯಲ್ಲಿ ಹೇಳಿಕೆ ಬರೆಸುವಾಗ ದುಭಾಷಿ ತಾನಾಗಿ ಪ್ರಶ್ನೆ ಕೇಳಬಾರದು. ಹದಿನಾಲ್ಕು ವರ್ಷದಲ್ಲಿ ಫ್ಲೋರಿನ್ ಕೇಳಿದವಳೂ ಅಲ್ಲ. ಅಂದು ಕೇಳಿದಳು.

"ಸರ್, ಮನವಿ ಇಡಬೇಕಾ ಸುಡಬೇಕಾ ಅಂತ ಸಹಿ ಹಾಕಿದವರನ್ನೇ ಒಂದು ಮಾತು ಕೇಳಬಹುದಿತ್ತಲ್ಲ?"

ಆನ್ಸೆಲ್ಮ್ ಕನ್ನಡಕ ಮತ್ತೆ ಹಾಕಿಕೊಂಡರು.

"ಕೇಳಿದ್ದರೆ ಇಡಿ ಅಂತಿದ್ದರು," ಎಂದರು. "ಅದಕ್ಕೇ ಕೇಳಲಿಲ್ಲ."

ಫ್ಲೋರಿನ್ ಅದನ್ನೂ ಭಾಷಾಂತರಿಸಿದಳು. ಮಾಜಿದಾ ಬರೆದುಕೊಂಡಳು. ಸಮಯ ಸಂಜೆ ನಾಲ್ಕು ಹದಿನೈದು.