ನನ್ನ ಪಾಳಿಯ ಗಾಳಿ

ಒಂದು ವರ್ಷದಿಂದ ಫೋನಿನಲ್ಲಿ ಮಾತ್ರ ಕೇಳಿದ್ದ ದನಿಗೆ ಇಷ್ಟು ಉದ್ದದ ಮನುಷ್ಯ ಇರುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ನಾನು ಕರೆಸಿದ್ದಕ್ಕೆ ವಿಂಡ್ ಫಾರ್ಮಿನಿಂದ ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದು, ನಮ್ಮ ವಿದ್ಯುತ್ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಹೆಲ್ಮೆಟ್ ಹಿಡಿದು ನಿಂತಿದ್ದ.

"ಕೂತ್ಕೊಳ್ಳಿ," ಅಂದೆ. ಸತತ ಆರನೇ ದಿನದ ಪಾಳಿ. ಸಿಟ್ಟು ಮಾಡಿಕೊಳ್ಳುವುದಕ್ಕೂ ತ್ರಾಣವಿರಲಿಲ್ಲ.

ನಾಳೆ ಯಾವ ಗಂಟೆಗೆ ಎಷ್ಟು ಗಾಳಿ, ಎಷ್ಟು ಕರೆಂಟ್ ಅಂತ ಅವನು ದಿನಾ ಅಂದಾಜು ಕಳಿಸಬೇಕು. ಅದನ್ನು ನಂಬಿ ನಾನು ಕಲ್ಲಿದ್ದಲು ಘಟಕಗಳನ್ನು ಏರಿಸಿ ಇಳಿಸಿ ವಿದ್ಯುತ್ ಜಾಲದ ಸಮತೋಲ ಕಾಯಬೇಕು. ಕರೆಂಟ್ ಹೆಚ್ಚಾದರೂ ಪೇಚಾಟ, ಕಡಿಮೆಯಾದರೂ ಪೇಚಾಟ.

ಅವನು ಕಳಿಸಿದ್ದ ಅಂದಾಜಿನ ಹಾಳೆಗಳನ್ನು ಅವನ ಮುಂದೆ ಹರಡಿದೆ.

"ಬೇರೆಯವರ ಪಾಳೀಲಿ ನಿಮ್ಮ ಲೆಕ್ಕ ಕೂದಲೆಳೆಯಷ್ಟೂ ತಪ್ಪೋದಿಲ್ಲ. ನನ್ನ ಪಾಳೀಗೆ ಮಾತ್ರ ಕಡಿಮೆ ಬರೀತೀರಿ. ಆಮೇಲೆ ಗಾಳಿ ಜೋರಾಗಿ ಬೀಸುತ್ತೆ, ಕರೆಂಟ್ ಹೆಚ್ಚಾಗಿ ನಿಮ್ಮ ಯಂತ್ರಗಳನ್ನ ನಾನೇ ನಿಲ್ಲಿಸ್ಬೇಕು. ನಾನೇನು ಮಾಡಿದ್ದೆ ನಿಮಗೆ?"

ದಿನವೆಲ್ಲ ಕಾದು ಕೇಳುತ್ತಿದ್ದ ಒಂದೇ ದನಿ ಅದು. ಅದೇ ನನ್ನ ಮೇಲೆ ಹಗೆ ಸಾಧಿಸುತ್ತಿದೆ ಅನ್ನಿಸಿ ನಿದ್ದೆಗೆಟ್ಟಿದ್ದೆ.

ಅವನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿದ, ಮತ್ತೆ ಹಾಕಿದ. ನನ್ನತ್ತ ಎತ್ತಿದ ಅವನ ಕಣ್ಣು ಅಲ್ಲೇ ಸಿಕ್ಕಿಕೊಂಡಿತು.

"ಅವತ್ತು ಗಾಳಿ ಇದ್ದಕ್ಕಿದ್ದ ಹಾಗೆ ನಿಂತುಹೋಯ್ತಲ್ಲ, ನೀವು ಅರ್ಧ ಊರಿನ ಕರೆಂಟ್ ತೆಗೀಬೇಕಾಯ್ತು. ಫೋನಲ್ಲಿ ನಿಮ್ಮ ದನಿ ನಡುಗ್ತಿತ್ತು. ಅದನ್ನ ಇನ್ನೊಂದ್ಸಲ ಕೇಳೋಕೆ ನನ್ ಕೈಲಾಗಲ್ಲ. ಕಡಿಮೆ ಬರೆದ್ರೆ ನಿಮಗೆ ಕೊರತೆ ಬೀಳಲ್ಲ ಅಂದ್ಕೊಂಡೆ."

ನನಗೋಸ್ಕರ ಯಾರೂ ಇಷ್ಟು ದೊಡ್ಡ ದಡ್ಡತನ ಮಾಡಿರಲಿಲ್ಲ.

"ಉಪಕಾರ ಮಾಡೋಕೆ ಹೋಗಿ ನನ್ನ ತಲೆನೋವು ಎರಡರಷ್ಟು ಮಾಡಿದ್ರಿ," ಅಂದೆ. "ಗಾಳಿ ನಿಲ್ಲೋದಾದ್ರೆ ನಿಲ್ಲುತ್ತೆ ಅಂತಲೇ ಬರೀರಿ. ನಾನು ನಿಭಾಯಿಸ್ತೀನಿ."

"ಸರಿ."

"ಇನ್ನೊಂದು. ನಾಳೆಯಿಂದ ನಿಮ್ಮ ಫಾರ್ಮಿನ ಫೋನ್ ಪಕ್ಕದ ಮೇಜಿನ ಮೇಡಮ್ ನೋಡ್ಕೊಳ್ತಾರೆ."

ಅವನ ಮುಖ ಬಾಡಿತು. "ಅಂದ್ರೆ ಇನ್ನು ನಮ್ಮಿಬ್ಬರಿಗೂ ಮಾತಿಲ್ಲ."

"ನೀವು ಮಾತಾಡ್ತಿದ್ರೆ ನನಗೆ ಮೀಟರ್ ಕಾಣಲ್ಲ ರೀ. ಹಾಗೆ ಕೆಲಸ ಮಾಡಿದ್ರೆ ಊರು ಕತ್ತಲಾಗುತ್ತೆ."

ಪೆನ್ನು ತೆಗೆದು ಹಾಳೆಯ ಅಂಚಿನಲ್ಲಿ ನನ್ನ ಸ್ವಂತ ಮೊಬೈಲಿನ ನಂಬರ್ ಬರೆದೆ. ಅವನು ಅದನ್ನು ಎರಡು ಸಲ ಓದಿದ.

"ಯಾವಾಗ ಮಾಡ್ಲಿ?"

"ಇವತ್ತು ಸಂಜೇನೇ ಮಾಡಿ. ನಾನು ತುಂಬಾ ಸುಸ್ತಾಗಿರ್ತೀನಿ, ನೀವೇ ಮಾತಾಡ್ಬೇಕು."